ಉಪ್ಪಿನಕಾಯಿ ಕೋಣೆಯ ವೈನ್

ಎರಡು ಸಣ್ಣ ಉಸಿರು. ಸುಸ್, ಸುಸ್. ಮೊದಲನೆಯದು ಚಿಕ್ಕದು, ಎರಡನೆಯದು ಒಂದಿಷ್ಟು ಎಳೆದದ್ದು, ಆಮೇಲೆ ನಿಶ್ಶಬ್ದ. ಆ ನಿಶ್ಶಬ್ದ ಮುಗಿದು ಒಳಗಿನಿಂದ ‘ಹ್ಞಾಂ’ ಎನ್ನುವ ದನಿ ಬರುವವರೆಗೆ ಹೈದರಾಬಾದಿನ ನಾರಾಯಣಗೂಡದ ನಮ್ಮ ಮನೆಯಲ್ಲಿ ಯಾರೂ ತಾಟಿನ ಮುಂದೆ ಕೂರುತ್ತಿರಲಿಲ್ಲ. ನನ್ನ ಗಂಡನ ಅಕ್ಕ ನೀಲಮ್ಮ ಒಲೆಯ ಮುಂದೆ ಬಾಗಿ ಸಾರಿನ ಉಪ್ಪು ನೋಡುತ್ತಿದ್ದ ಸದ್ದು ಅದು. ನಾಲಿಗೆಯ ಮೇಲೆ ಒಂದು ತೊಟ್ಟೂ ಇಡದೆ, ಬರೀ ಮೂಗಿನಿಂದ.

ಹೋದ ವಾರ ಅದೇ ಸದ್ದನ್ನು ಕೂಕಟ್‌ಪಲ್ಲಿಯಲ್ಲಿ ಮಗಳ ಫ್ಲ್ಯಾಟಿನಲ್ಲಿ ಕೇಳಿದೆ. ಅಳಿಯ ತೆಲುಗಿನವನು, ಒಳ್ಳೆಯ ಹುಡುಗ, ಭಾನುವಾರದ ಊಟಕ್ಕೆ ಒಂದು ರೆಡ್ ವೈನ್ ತೆಗೆದಿದ್ದ. ಹೊಟ್ಟೆ ದೊಡ್ಡದಾದ ಗ್ಲಾಸನ್ನು ಓರೆ ಮಾಡಿ, ಒಂದು ಸುತ್ತು ತಿರುಗಿಸಿ, ಮೂಗನ್ನು ಅದರೊಳಗೆ ಇಳಿಸಿ ಎರಡು ಬಾರಿ ಉಸಿರೆಳೆದ. ನನ್ನ ಕೈಯಲ್ಲಿದ್ದ ಚಮಚ ಮೊಸರಿನ ಬಟ್ಟಲಿಗೆ ಬಿತ್ತು. ಏನಾಯಿತು ಅತ್ತಯ್ಯಾ ಎಂದು ಕೇಳಿದ. ಏನಿಲ್ಲ, ಸೊಳ್ಳೆ ಎಂದೆ. ಮತ್ತೇನು ಹೇಳಲಿ? ಆ ಸದ್ದಿನ ಸಂಗತಿ ಹೇಳಬೇಕೆಂದರೆ ಒಂದು ಇಡೀ ಮನೆಯ ಸಂಗತಿ ಹೇಳಬೇಕು, ಅಷ್ಟರಲ್ಲಿ ಅವನ ಬಿರಿಯಾನಿ ಆರಿಹೋಗುತ್ತದೆ. ನಿಮಗೇನೂ ಅವಸರ ಇದ್ದಂತೆ ಕಾಣುವುದಿಲ್ಲ. ನಿಮಗೆ ಹೇಳುತ್ತೇನೆ.

ನಾನು ಕಲಿತದ್ದು ಸಿಕಂದರಾಬಾದಿನ ಕಾನ್ವೆಂಟಿನಲ್ಲಿ. ಅಲ್ಲಿ ಮೂಗಿನಿಂದ ಸದ್ದು ಮಾಡುವುದು ಸುಳ್ಳು ಹೇಳುವುದಕ್ಕಿಂತ ಒಂದೇ ಮೆಟ್ಟಿಲು ಕೆಳಗಿನ ಪಾಪ. ಯಾರಾದರೂ ಹಾಗೆ ಮಾಡಿದರೆ ಸಿಸ್ಟರು ತಲೆ ಎತ್ತದೆಯೇ ‘ಹ್ಯಾಂಕರ್ಚೀಫ್, ಪ್ಲೀಸ್’ ಎನ್ನುತ್ತಿದ್ದರು. ಹೀಗೆ ತಿದ್ದಿ ತೀಡಿದ ನನ್ನ ಮೂಗನ್ನು ಹೊತ್ತುಕೊಂಡು ನಾನು ನಾರಾಯಣಗೂಡದ ಈ ಲಿಂಗಾಯತ ಮನೆಗೆ ಸೊಸೆಯಾಗಿ ಬಂದೆ. ಇವರ ಮೂಲ ವಿಜಾಪುರದ ಕಡೆ, ಹೈದರಾಬಾದಿನಲ್ಲಿ ಬೇಳೆಯ ವ್ಯಾಪಾರ. ನೀಲಕ್ಕ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ಬಂದು, ಅಡುಗೆಮನೆಯ ಸಿಂಹಾಸನ ಏರಿ ಕೂತವರು. ಮೊದಲ ದಿನವೇ ಆ ಸುಸ್ ಸುಸ್ ಕೇಳಿ ನನಗೆ ಪಾಪ ಅನ್ನಿಸಿತು. ನೆಗಡಿ ಆಗಿರಬೇಕೆಂದು ಅಂಚಿಗೆ ಕಸೂತಿ ಹಾಕಿದ ನನ್ನ ಕರ್ಚೀಫನ್ನು ವಿನಯದಿಂದ ಮುಂದೆ ಚಾಚಿದೆ. ಅವರು ಅದನ್ನು ಇಸಿದುಕೊಂಡು, ಮೂಗಿನ ಹತ್ತಿರ ಹಿಡಿದು, ವಾಪಸು ಕೊಟ್ಟರು.

“ನೆಗಡಿ ಆಗಿಲ್ಲ. ನಿಮ್ಮವ್ವ ಅರಿವಿ ಟ್ರಂಕಿನ್ಯಾಗ ಬೇವಿನ ಎಲಿ ಇಡ್ತಾಳಲ್ಲ? ಒಣಗಸಲಾರದ ಹಸೀವ ಇಟ್ಟಾಳ. ಹೇಳು ಆಕಿಗೆ, ಅರಿವಿಗೆ ಮುಗ್ಗ ಹಿಡೀತೈತಿ.”

ನಮ್ಮಮ್ಮ ಟ್ರಂಕಿನಲ್ಲಿ ಬೇವಿನೆಲೆ ಇಡುತ್ತಿದ್ದದ್ದು ನನಗೇ ನೆನಪಿರಲಿಲ್ಲ. ಅಂದಿನಿಂದ ನನಗೆ ಅವರ ಬಗ್ಗೆ ಒಂದು ಬಗೆಯ ಭಯಭಕ್ತಿ. ಅವರಿಗೆ ನಾನು ಸಿಟ್ಟು ಬಂದಾಗ, ತಮಾಷೆಗೆ ಕಂಡಾಗ ‘ಕಾನ್ವೆಂಟಮ್ಮ’, ಉಳಿದಂತೆ ‘ತಂಗಿ’.

ಅವರು ಅಡುಗೆಯನ್ನು ಬಾಯಿಗಿಟ್ಟು ನೋಡದಿರುವುದಕ್ಕೆ ಕಾರಣ ಕೊರಳಿನ ಲಿಂಗ. ಲಿಂಗಕ್ಕೆ ತೋರದೆ ಒಂದು ಅಗುಳನ್ನೂ ತಿನ್ನುವವರಲ್ಲ. ಕುದಿಯುವ ಸಾರನ್ನು ಮೊದಲೇ ರುಚಿ ನೋಡಿದರೆ ದೇವರಿಗೆ ಎಂಜಲು ಕೊಟ್ಟಂತೆ. ಹಾಗಾದರೆ ಉಪ್ಪು ತಿಳಿಯುವುದು ಹೇಗೆ? ಹಬೆಯಿಂದ. ಉಪ್ಪಿಗೆ ವಾಸನೆ ಇಲ್ಲವೆಂದು ವಿಜ್ಞಾನದ ಟೀಚರು ನನಗೆ ಕಲಿಸಿದ್ದರು. ಉಪ್ಪು ಬಿದ್ದ ಮೇಲೆ ಬೇಳೆಯ ವಾಸನೆ ಬೇರೆಯಾಗುತ್ತದೆಂದು ನೀಲಕ್ಕ ಹೇಳುತ್ತಿದ್ದರು. ವಾಸನೆ ನೋಡುವುದೂ ಎಂಜಲಲ್ಲವೇ ಎಂದು ನಾನೊಮ್ಮೆ ತರ್ಕ ತೆಗೆದೆ. ಮೂಗಿನಲ್ಲಿ ಶಿವ ಕೂತಿದ್ದಾನೆ, ವಾಸನೆ ಅವನದೇ ಪಾಲು, ನಾನು ಬರೀ ಮುಟ್ಟಿಸುವವಳು ಎಂದರು. ಅದು ಅವರಪ್ಪ ಹೇಳಿಕೊಟ್ಟದ್ದಂತೆ.

ಅಡುಗೆಮನೆಯ ಹಿಂದೆ ಉಪ್ಪಿನಕಾಯಿಯ ಕೋಣೆ ಇತ್ತು. ಕಿಟಕಿ ಇಲ್ಲ, ಬೇಸಿಗೆಯಲ್ಲೂ ನೆಲ ತಣ್ಣಗೆ. ಗೋಡೆಯುದ್ದಕ್ಕೂ ಬಿಳಿಯ ಭರಣಿಗಳು, ಬಾಯಿಗೆ ಬಟ್ಟೆ ಕಟ್ಟಿಸಿಕೊಂಡು ಶಾಲೆಯ ಮಕ್ಕಳ ಹಾಗೆ ಸಾಲಾಗಿ ಕೂತಿದ್ದವು. ಒದ್ದೆ ಕೈಯವರಿಗೆ ಅಲ್ಲಿ ಪ್ರವೇಶವಿಲ್ಲ. ಪ್ರತಿ ಅಮಾವಾಸ್ಯೆಗೆ ನೀಲಕ್ಕ ಒಳಹೋಗಿ ಒಂದೊಂದನ್ನೇ ಬಿಚ್ಚಿ, ಮೂಸಿ, ಒಣಗಿದ ಸೌಟಿನಿಂದ ಕೆಳಗಿನದನ್ನು ಮೇಲೆ ಮಾಡಿ ಮತ್ತೆ ಕಟ್ಟಿ ಬರುತ್ತಿದ್ದರು. ನನ್ನ ಪಾಲಿಗೆ ಅದು ನಮ್ಮ ಸ್ಕೂಲಿನ ಚಾಪೆಲ್‌ನಂತೆ: ಹೊಸ್ತಿಲಲ್ಲಿ ನಿಲ್ಲಬಹುದು, ಒಳಗಿನದು ತಿಳಿದವರಿಗೆ.

ನಮ್ಮ ಯಜಮಾನರು ತೀರಿಹೋಗಿ ಕೆಲವು ವರ್ಷಗಳಾದ ಮೇಲೆ ನಾನೂ ನೀಲಕ್ಕನೂ ಇಬ್ಬರೇ ತ್ರ್ಯಂಬಕೇಶ್ವರಕ್ಕೆ ಟೂರಿಸ್ಟ್ ಬಸ್ಸಿನಲ್ಲಿ ಹೊರಟೆವು. ದರ್ಶನ ಮುಗಿಸಿ ವಾಪಸು ಬರುವಾಗ, ನಾಸಿಕದ ಹೊರಗೆ, ಬಸ್ಸಿನಲ್ಲಿದ್ದ ಹರೆಯದವರ ಒತ್ತಾಯಕ್ಕೆ ಡ್ರೈವರು ಒಂದು ವೈನರಿಯ ಮುಂದೆ ಗಾಡಿ ನಿಲ್ಲಿಸಿದ. ಹಣೆಗೆ ವಿಭೂತಿ ಬಳಿದುಕೊಂಡು ಬಂದವರು ವೈನರಿಗೆ ಇಳಿಯುವುದೇ? ಅರ್ಧ ಬಸ್ಸು ಇಳಿಯಲಿಲ್ಲ. ನಾನೂ ಕೂತೇ ಇದ್ದೆ. ನೀಲಕ್ಕ ಮಾತ್ರ ಕಿಟಕಿಯಿಂದ ಒಮ್ಮೆ ಗಾಳಿ ಎಳೆದುಕೊಂಡು, ಸೆರಗು ಸರಿಮಾಡಿ, ಇಳಿದೇ ಬಿಟ್ಟರು. ನಾನು ಹಿಂದೆ ಓಡಿದೆ.

ನೆಲಮಾಳಿಗೆಯಲ್ಲಿ ಮರದ ಪೀಪಾಯಿಗಳು ಸಾಲಾಗಿ ಮಲಗಿದ್ದವು. ಮಬ್ಬು ಬೆಳಕು, ತಂಪು, ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ನೀಲಕ್ಕ ಬಾಗಿಲಲ್ಲೇ ನಿಂತರು, ಗುಡಿಯಲ್ಲಿ ನಿಲ್ಲುವ ಹಾಗೆ.

“ಏ ಕಾನ್ವೆಂಟಮ್ಮ, ಇದು ನಮ್ಮ ಉಪ್ಪಿನಕಾಯಿ ಖೋಲಿ ಐತಿ. ಇವರು ಎ.ಸಿ. ಹಾಕ್ಯಾರ, ಅಷ್ಟ.”

ಏಪ್ರನ್ ಕಟ್ಟಿದ ಮರಾಠಿ ಹುಡುಗಿಯೊಬ್ಬಳು ಎಲ್ಲರಿಗೂ ಸಣ್ಣ ಗ್ಲಾಸುಗಳಲ್ಲಿ ವೈನ್ ಹಂಚುತ್ತಿದ್ದಳು. ಮೊದಲು ಮೂಸಬೇಕು, ಆಮೇಲೆ ಕುಡಿಯಬೇಕು ಎಂದು ಹಿಂದಿಯಲ್ಲಿ ಪಾಠ ಹೇಳುತ್ತಿದ್ದಳು. ಅಜ್ಜಿಯನ್ನು ಕಂಡು ಗ್ಲಾಸು ಕೊಡಲೋ ಬೇಡವೋ ಎಂದು ತಡೆದಳು. ನೀಲಕ್ಕ ತಾವೇ ಕೈ ಚಾಚಿ, ತಮ್ಮ ಹೈದರಾಬಾದಿ ಹಿಂದಿಯಲ್ಲಿ, “ಪೀನಾ ನಕ್ಕೋ ಬೇಟಾ, ಖಾಲಿ ಸೂಂಗ್ತೂಂ” ಎಂದರು. ಕುಡಿಯೋದು ಬೇಡ, ಬರೀ ಮೂಸುತ್ತೇನೆ. ಎಲ್ಲ ಗ್ಲಾಸುಗಳನ್ನೂ ಮೂಸಿದರು. ಕೊನೆಯದು, ಪೀಪಾಯಿಯಲ್ಲಿ ವರ್ಷಗಟ್ಟಲೆ ಇದ್ದು ಬಾಟಲಿಗೆ ಇಳಿದ ಹಳೆಯ ಕೆಂಪು ವೈನ್. ಅದರ ಮೇಲೆ ಬಾಗಿದವರು ಏಳಲೇ ಇಲ್ಲ. ನಾನು ತೋಳು ಹಿಡಿದು ಅಲುಗಾಡಿಸಿದೆ. ತಲೆ ಎತ್ತಿದಾಗ ಅವರ ಕಣ್ಣು ಬೇರೆಲ್ಲೋ ಇತ್ತು. ನಮ್ಮ ಕಡೆ ಒಣದ್ರಾಕ್ಷಿ ಮಾಡುವ ಚಪ್ಪರದಡಿ ಸಣ್ಣವಳಿದ್ದಾಗ ಮಲಗುತ್ತಿದ್ದೆ, ಆ ನೆರಳು ಇದರೊಳಗೆ ಐತಿ ಎಂದರು. ನೆರಳಿಗೆ ಎಂಥ ವಾಸನೆ ಎಂದು ನಾನು ಕೇಳಲಿಲ್ಲ. ಕೇಳುವ ಮುಖ ಅದಾಗಿರಲಿಲ್ಲ.

ಒಂದು ಬಾಟಲಿ ಕೊಂಡರು. ಮನೆಯಲ್ಲಿ ಯಾರೂ ಮುಟ್ಟದ ವಸ್ತು ಯಾಕೆ ಎಂದದ್ದಕ್ಕೆ, “ಇದಿನ್ನೂ ಅರ್ಧಾ ದಾರ್‍ಯಾಗ ಐತಿ. ಪೂರ್ತಿ ಆದ ಮ್ಯಾಲೆ ಹೆಂಗಿರತೈತಿ ನೋಡಬೇಕು” ಎಂದರು. ಕತ್ತಲಲ್ಲಿ, ತಂಪಿನಲ್ಲಿ ಮಲಗಿಸಿಡಿ, ಅಲ್ಲಾಡಿಸಬೇಡಿ, ಇನ್ನೂ ಹಲವು ವರ್ಷ ಬೆಳೆಯುತ್ತದೆ ಎಂದು ಆ ಹುಡುಗಿ ಹೇಳಿ ಕಳಿಸಿದಳು. ಬಸ್ಸಿನಲ್ಲಿ ಪಕ್ಕದ ಸೀಟಿನ ಅಜ್ಜಿ ಚೀಲದಲ್ಲೇನು ಎಂದು ಕೇಳಿದಾಗ ನೀಲಕ್ಕ ಕಣ್ಣು ಮಿಟುಕಿಸದೆ ದ್ರಾಕ್ಷಿ ಉಪ್ಪಿನಕಾಯಿ ಎಂದರು.

ಅದು ಉಪ್ಪಿನಕಾಯಿ ಕೋಣೆಗೇ ಹೋಯಿತು. ಕತ್ತಲು, ತಂಪು, ಎರಡೂ ಅಲ್ಲಿದ್ದವು. ಜೋಳದ ಹೊಟ್ಟಿನ ಮೇಲೆ ಮಲಗಿಸಿ, ಕುತ್ತಿಗೆಗೆ ಉಳಿದ ಭರಣಿಗಳಂತೆಯೇ ಒಂದು ಬಿಳಿ ಬಟ್ಟೆ ಕಟ್ಟಿದರು. ಇಲ್ಲಿಯವರೆಗೆ ಸರಿ. ಆದರೆ ಅಮಾವಾಸ್ಯೆ ಬಂತು. ನೀಲಕ್ಕ ಒಳಹೋದರು, ಭರಣಿಗಳನ್ನೆಲ್ಲ ಕೆಳಗೆ ಮೇಲೆ ಮಾಡಿದರು, ಸರದಿಯಂತೆ ಬಾಟಲಿಯನ್ನೂ ಎತ್ತಿ ಎರಡು ಬಾರಿ ತಲೆಕೆಳಗು ಮಾಡಿ, ಕುಲುಕಿ, ಮಲಗಿಸಿದರು. ಹೊಸ್ತಿಲಲ್ಲಿ ನಿಂತಿದ್ದ ನಾನು ಕಿರುಚುವುದೊಂದು ಬಾಕಿ. ಅಲ್ಲಾಡಿಸಬಾರದು ಅಂದಾಳಲ್ರಿ ಆ ಹುಡುಗಿ ಎಂದರೆ, ಆ ಹುಡುಗಿ ಎಷ್ಟು ಉಪ್ಪಿನಕಾಯಿ ಹಾಕ್ಯಾಳ ಎಂದು ತಿರುಗಿ ಕೇಳಿದರು. ತಳದಲ್ಲಿದ್ದದ್ದು ಮೇಲಿನದನ್ನು ಕಾಣದಿದ್ದರೆ ಯಾವುದೂ ಪಕ್ವವಾಗುವುದಿಲ್ಲವಂತೆ. ವೈನಿನ ಪಂಡಿತರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಎರಡು ಸಾಲು ಬಿಟ್ಟು ಮುಂದೆ ಹೋಗಿ: ಹೀಗೆ ಅಮಾವಾಸ್ಯೆ ಅಮಾವಾಸ್ಯೆಗೂ, ವರ್ಷಗಟ್ಟಲೆ ನಡೆಯಿತು.

ಆಮೇಲೆ, ಊರೆಲ್ಲ ಬಾಯಿ ಮೂಗು ಕಟ್ಟಿಕೊಂಡು ಓಡಾಡಿದ ಆ ವರ್ಷ, ನೀಲಕ್ಕನಿಗೂ ಜ್ವರ ಬಂತು. ಜೀವಕ್ಕೆ ಏನೂ ಆಗಲಿಲ್ಲ. ಮೂಗು ಹೋಯಿತು.

ಮೊದಲ ದಿನ ಸಾರಿನ ಮೇಲೆ ಬಾಗಿ ಸುಸ್ ಸುಸ್ ಎಂದರು. ನಿಶ್ಶಬ್ದ. ನಾನು ‘ಹ್ಞಾಂ’ಗಾಗಿ ಕಾಯುತ್ತಿದ್ದೆ. ಅದು ಬರಲಿಲ್ಲ. ಸೌಟು ನನ್ನ ಕೈಗೆ ಕೊಟ್ಟು ಹೊರಗೆ ಹೋಗಿ ಕೂತರು. ನಿಧಾನಕ್ಕೆ ಬರುತ್ತದೆ ಎಂದು ಡಾಕ್ಟರು ಹೇಳಿದರು. ದಿನಾ ಬೆಳಿಗ್ಗೆ ಇಂಗಿನ ಡಬ್ಬಿ ತೆರೆದು ಮೂಗಿಗೆ ಹಿಡಿಯುತ್ತಿದ್ದರು, ಮುಚ್ಚಿ ಇಡುತ್ತಿದ್ದರು. ಮೂಗಿಲ್ಲದೆ ಉಪ್ಪು ತಿಳಿಯದು, ಬಾಯಿಗಿಡುವಂತಿಲ್ಲ. ಹಾಗಾಗಿ ಅಡುಗೆ ನನ್ನ ಪಾಲಿಗೆ ಬಂತು. ನಾನು ಮಾಡಿದ್ದನ್ನು ಒಂದು ಮಾತೂ ಆಡದೆ ಉಂಡು ಏಳುತ್ತಿದ್ದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಉಪ್ಪಿನಕಾಯಿ ಕೋಣೆಗೆ ಅಮಾವಾಸ್ಯೆಗೆ ಹೋಗುವುದನ್ನೂ ಬಿಟ್ಟರು. ಬಾಟಲಿಯ ಮಾತು ಬಂದಾಗ ಮಾತ್ರ, ಮೂಗು ಬರಲಿ, ಆಮೇಲೆ ತೆಗೆಯೋಣ ಎನ್ನುತ್ತಿದ್ದರು. ಹೀಗೆ ಆ ಬಾಟಲಿ ನಮ್ಮ ಮನೆಯ ಒಂದು ಹರಕೆಯಾಯಿತು. ಅದು ಮುಚ್ಚಿರುವವರೆಗೆ ಮೂಗು ಬರುವುದಿದೆ.

ಒಂದು ಮಧ್ಯಾಹ್ನ ನಾನು ಬಟ್ಟೆ ಒಣಹಾಕಲು ಟೆರೇಸಿಗೆ ಹೋಗಿದ್ದೆ. ಇಳಿದು ಬಂದರೆ ಮನೆಯೆಲ್ಲ ಸೀದ ಹಾಲಿನ ಕಮಟು. ಒಲೆಯ ಮೇಲಿನ ಪಾತ್ರೆ ಕರ್ರಗಾಗಿದೆ, ಅದಕ್ಕೆ ಬೆನ್ನು ಮಾಡಿಕೊಂಡು ನೀಲಕ್ಕ ಒಂದು ಮಾರು ದೂರದಲ್ಲಿ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಾರೆ. ನಾನು ಓಡಿ ಗ್ಯಾಸು ಆರಿಸಿದ ಮೇಲೆಯೇ ಅವರು ತಿರುಗಿ ನೋಡಿದ್ದು. ಪಾತ್ರೆಯನ್ನು ಬಹಳ ಹೊತ್ತು ನೋಡಿದರು.

“ತಂಗಿ, ಆ ಬಾಟ್ಲಿ ತಗಿ.”

ಮೂಗು ಬಂದ ಮೇಲೆ ಅಂದಿದ್ರಲ್ರೀ ಅಕ್ಕಾ, ಎಂದೆ.

“ಮೂಗು ಬರಂಗಿಲ್ಲ. ಇದನ್ನ ಕಾಯಕೊಂತ ಕುಂತ್ರ ಅದೂ ಸಾಯತೈತಿ. ಒಂದು ಸತ್ತದ್ದು ಸಾಕು.”

ನಮ್ಮಲ್ಲಿ ಕಾರ್ಕ್ ತೆಗೆಯುವ ಸಾಧನ ಎಲ್ಲಿಂದ ಬರಬೇಕು? ಲಟ್ಟಣಿಗೆಯ ಹಿಡಿಯಿಂದ ಒತ್ತಿದೆ. ಬಿರಡೆ ಪುಡಿಪುಡಿಯಾಗಿ ಒಳಗೇ ಬಿತ್ತು. ತುಪ್ಪ ಸೋಸುವ ತೆಳ್ಳನೆಯ ಬಟ್ಟೆಯಲ್ಲಿ ಸೋಸಿದೆ. ಅಷ್ಟೊಂದು ಗಸಿ! ಇಷ್ಟು ವರ್ಷದ ಅಮಾವಾಸ್ಯೆಗಳ ಕುಲುಕಾಟ, ನಡುವೆ ಹೈದರಾಬಾದಿನ ಬೇಸಿಗೆಗಳು. ಇದು ವಿನೆಗರ್ ಆಗಿರುವುದರಲ್ಲಿ ನನಗೆ ಸಂಶಯವೇ ಇರಲಿಲ್ಲ. ಕೆಳಗಿನ ಮಹಡಿಯನ್ನು ಒಂದು ಕೋಚಿಂಗ್ ಸೆಂಟರಿಗೆ ಬಾಡಿಗೆಗೆ ಕೊಟ್ಟಿದ್ದೆವು. ಅಲ್ಲಿ ಕೆಮಿಸ್ಟ್ರಿ ಸಾರು ತೆಲುಗಿನಲ್ಲಿ ಆಸಿಡ್‌ಗಳ ಹೆಸರು ಕೂಗಿ ಹೇಳುತ್ತಿದ್ದದ್ದು ನೆಲದೊಳಗಿಂದ ಕೇಳುತ್ತಿತ್ತು. ನನಗೇ ಹೇಳುತ್ತಿದ್ದಾರೆ ಅನ್ನಿಸಿತು. ಕೆಟ್ಟಿದ್ದರೂ ಚೆನ್ನಾಗಿದೆ ಎಂದುಬಿಡೋಣ, ಅವರಿಗೆ ಹೇಗೂ ತಿಳಿಯದು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ. ಮೂಗು ಹೋದರೇನು, ಅವರಿಗೆ ಅದೂ ತಿಳಿಯಿತು.

“ಸುಳ್ಳು ಹೇಳಬ್ಯಾಡ. ಕೆಟ್ಟಿದ್ರ ಕೆಟ್ಟೈತಿ ಅನ್ನು. ನನ್ನ ಕೈಯಾಗ ಕೆಟ್ಟದ್ದು ನನಗ ಗೊತ್ತಾಗಬೇಕು.”

ಸ್ಟೀಲಿನ ಲೋಟದಲ್ಲಿ ನಾಲ್ಕು ಚಮಚದಷ್ಟು. ಕೆಂಪು ಹೋಗಿ ಅಂಚಿನಲ್ಲಿ ಇಟ್ಟಿಗೆಯ ಬಣ್ಣ ಬಂದಿತ್ತು. ಮೂಗಿಗೆ ಹಿಡಿದೆ. ಹುಳಿ ಹೊಡೆಯಲಿಲ್ಲ. ಬೇರೇನೋ ಬಂತು. ರಿಚ್ ಆಗಿದೆ ಅಕ್ಕಾ, ಎಂದೆ. ಫುಲ್-ಬಾಡೀಡ್, ಎಂದೆ.

“ಸಿನಿಮಾ ನಟಿ ಸುದ್ದಿ ಬ್ಯಾಡ. ಅದರಾಗ ಏನೈತಿ, ಅದನ್ನ ಹೇಳು.”

ಆಗ ನಾನು ನನ್ನ ಜೀವಮಾನದಲ್ಲಿ ಮೊದಲ ಬಾರಿಗೆ, ಎಲ್ಲ ಸಿಸ್ಟರುಗಳ ಆಣೆಯನ್ನೂ ಮುರಿದು, ಸದ್ದು ಮಾಡಿ ಮೂಸಿದೆ. ಏನು ಹೇಳಲಿ? ಪರಿಮಳಗಳಿಗೆ ನನ್ನಲ್ಲಿದ್ದದ್ದು ಕಾಂಪೊಸಿಷನ್ ಪುಸ್ತಕದ ನಾಲ್ಕು ಇಂಗ್ಲಿಷ್ ವಿಶೇಷಣಗಳು. ಅವು ಅಲ್ಲಿ ನಿಲ್ಲಲಿಲ್ಲ. ಒಣದ್ರಾಕ್ಷಿ, ಎಂದೆ. ಬಿಸಿಲಿನದೋ ನೆರಳಿನದೋ ಎಂದು ಕೇಳಿದರು. ಮತ್ತೆ ಮೂಸಿದೆ. ಒಂದು ತಂಪು ಇತ್ತು. ನೆರಳಿನದು, ಎಂದೆ. ಅವರು ತಲೆಯಾಡಿಸಿದರು. ಮುಂದೆ? ಹಳೆಯ ಹುಣಸೆಹಣ್ಣು. ಮುಂದೆ? ಮರದ ಪೆಟ್ಟಿಗೆಯ ಒಳಮೈ. ಕುಡಿ, ಎಂದರು. ಕುಡಿದೆ. ನಾಲಿಗೆ ಹಿಡಿದುಕೊಂಡಿತು, ನೇರಳೆಯ ಹಾಗೆ. ಹಣ್ಣೋ ಬೀಜವೋ ಎಂದರು. ಹೌದಲ್ಲ, ಬೀಜ. ಅವರು ಕಣ್ಣು ಮುಚ್ಚಿ ಗೋಡೆಗೆ ಒರಗಿದ್ದರು. ತಾವು ಒಂದು ತೊಟ್ಟೂ ಮುಟ್ಟದೆ, ನನ್ನ ಕೈಹಿಡಿದು ಆ ವೈನಿನೊಳಗಿನ ಒಂದೊಂದೇ ಕೋಣೆಗೆ ಕರೆದೊಯ್ಯುತ್ತಿದ್ದರು. ಅಷ್ಟು ಕೋಣೆಗಳು ಆ ನಾಲ್ಕು ಚಮಚದಲ್ಲಿವೆ ಎಂದು ನನಗೇನು ಗೊತ್ತು?

ನುಂಗಿದ ಮೇಲೆ ಬಹಳ ಹೊತ್ತಿಗೆ ಕೊನೆಯದೊಂದು ಬಂತು. ಹೊಗೆ ಎಂದೆ.

“ಯಾವ ಹೊಗಿ? ಕಟಗೀದೋ, ಕುಳ್ಳಿಂದೋ?”

ನಾನು ಕಾದೆ. ಕಟ್ಟಿಗೆಯದೂ ಅಲ್ಲ, ಬೆರಣಿಯದೂ ಅಲ್ಲ, ಅದು ಉರಿಯುವ ಹೊಗೆಯೇ ಆಗಿರಲಿಲ್ಲ. “ಆರಿದ್ದು ಅಕ್ಕಾ. ಮರುದಿನ ಮುಂಜಾನೆ ಒಲೆಯ ಮುಂದೆ ಕೂತಾಗ ಇರತೈತಲ್ಲ, ಅದು.”

ಅವರ ಮುಖ ಬದಲಾಯಿತು. ಅದನ್ನು ಹೇಗೆ ಹೇಳಲಿ ನಿಮಗೆ? ನಾಸಿಕದ ಆ ನೆಲಮಾಳಿಗೆಯಲ್ಲಿ ಬೇರೆಲ್ಲೋ ಹೋಗಿದ್ದ ಕಣ್ಣು, ಈಗ ಮುಚ್ಚಿದ ರೆಪ್ಪೆಯ ಕೆಳಗೆ ಮತ್ತೆ ಅಲ್ಲಿಗೇ ಹೋಯಿತು. ತುಟಿ ತುಸು ತೆರೆಯಿತು.

“ಹಂಗಾರ ಬದುಕೈತಿ,” ಎಂದರು. “ಬಂತು ನನಗ. ಕಿವಿಯಾಗೂ ಒಬ್ಬಾಂವ ಶಿವ ಅದಾನ. ಇಷ್ಟು ದಿನ ಪಾಪ ಅವಂಗ ಬರೇ ಕೋಚಿಂಗ್ ಪಾಠದ ನೈವೇದ್ಯ.”

ನಾನು ನಗಬೇಕಿತ್ತು. ಲೋಟವನ್ನು ಮತ್ತೆ ಮೂಗಿಗೆ ಹಿಡಿದೆ. ವರ್ಷಾನುಗಟ್ಟಲೆ ಕತ್ತಲಲ್ಲಿ ಮಲಗಿದ್ದ ಒಂದು ವಸ್ತು, ತಲೆಕೆಳಗಾಗಿ, ಕುಲುಕಿಸಿಕೊಂಡು, ಬಿಸಿಲುಗಾಲ ಉಂಡು, ಸಾಯದೆ ಇತ್ತು. ಅದರ ಎದುರಿಗೆ ಕೂತು, ಅದನ್ನು ಮುಟ್ಟದೆ, ನನ್ನ ಮುರುಕು ಮಾತಿನಿಂದಲೇ ಪೂರ್ತಿ ಪಡೆದವರೊಬ್ಬರಿದ್ದರು. ಈ ಎರಡರಲ್ಲಿ ಯಾವುದು ದೊಡ್ಡದೆಂದು ಇಂದಿಗೂ ನನಗೆ ಹೇಳಲಾಗುವುದಿಲ್ಲ. ಸ್ಕೂಲಿನಲ್ಲಿ ಮಿರಕಲ್ ಎಂಬ ಪದದ ಸ್ಪೆಲ್ಲಿಂಗ್ ಮಾತ್ರ ಕಲಿತಿದ್ದೆ.

ಮರುದಿನ ಅವರು ಅಡುಗೆಮನೆಗೆ ಬಂದು ಒಲೆಯ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತರು. ಹೇಳು, ಎಂದರು. ನಾನು ಪಾತ್ರೆಯ ಮೇಲೆ ಬಾಗಿದೆ. ಬೇಳೆ, ಎಂದೆ. ಬೇಳೆಯಲ್ಲಿ ಏನಾಗಿದೆ ಎಂದರು. ಅಂದಿನಿಂದ ಮನೆಯಲ್ಲಿ ಮಾತೋ ಮಾತು. ನಾನು ಮೂಸಿ ಹೇಳುವುದು, ಅವರು ಕೇಳಿ ಉಪ್ಪು ಹೇಳುವುದು. ಬೈಗುಳವೂ ವಾಪಸು ಬಂತು, ಶಿವನ ದಯೆ. ಉಪ್ಪಿನಕಾಯಿ ಕೋಣೆಯ ಹೊಸ್ತಿಲನ್ನು ನಾನು ದಾಟಿದ್ದೂ ಆಗಲೇ. ಉಳಿದ ವೈನನ್ನು ದಿನಕ್ಕಿಷ್ಟು ನಾನೇ ಕುಡಿದು ವರದಿ ಒಪ್ಪಿಸಿದೆ. ಕೊನೆಗೆ ಹುಳಿ ಬಂತೆಂದಾಗ, ಸಾಕು, ಅದರದ್ದು ಮುಗೀತು ಎಂದು ಕರಿಬೇವಿನ ಗಿಡಕ್ಕೆ ಹಾಕಿಸಿದರು.

ಈಗಲೂ ನಾನು ಒಬ್ಬಳೇ ಅಡುಗೆ ಮಾಡುವಾಗ ಜೋರಾಗಿ ಹೇಳುತ್ತಿರುತ್ತೇನೆ: ಸಾಸಿವೆ ಸಿಡಿಯಿತು, ಹಸಿವಾಸನೆ ಇನ್ನೂ ಇದೆ, ಈಗ ಹೋಯಿತು. ಕೂಕಟ್‌ಪಲ್ಲಿಯಲ್ಲಿ ಹೋದ ವಾರ ಸೊಳ್ಳೆ ಎಂದು ತಪ್ಪಿಸಿಕೊಂಡವಳು, ಊಟ ಮುಗಿದ ಮೇಲೆ ಅಳಿಯನ ಗ್ಲಾಸನ್ನು ಇಸಿದುಕೊಂಡು ಮೂಗಿಗೆ ಹಿಡಿದೆ. ಮಗಳು ಬೆರಗಾಗಿ ನೋಡಿದಳು. ಇದಕ್ಕಿನ್ನೂ ವಯಸ್ಸಾಗಿಲ್ಲ, ನೆಲ ಹಸಿಯಾಗಿದೆ, ದ್ರಾಕ್ಷಿ ಬಿಸಿಲಿನದು ಎಂದೆ. ನಿಮಗೆ ಯಾರು ಕಲಿಸಿದರು ಅತ್ತಯ್ಯಾ ಎಂದ ಅವನು. ಬರುವ ಭಾನುವಾರ ಹೇಳುತ್ತೇನೆ.

ಆ ಬಾಟಲಿ ತೆಗೆದ ಮರುವರ್ಷ, ವಿಜಾಪುರದ ಕಡೆ ಒಣದ್ರಾಕ್ಷಿಯ ಕೆಲಸ ಶುರುವಾದಾಗ, ಆ ಚಪ್ಪರಗಳನ್ನು ಇನ್ನೊಮ್ಮೆ ನೋಡಬೇಕೆಂದು ನೀಲಕ್ಕ ಹಟ ಹಿಡಿದರು. ದಾಯಾದಿಗಳ ತೋಟವಿತ್ತು. ನಾನು ಒಂದು ವಾರ ಬಿಟ್ಟು ಹೋಗುವುದೆಂದು ಮಾತಾಗಿತ್ತು. ಆ ವಾರ ಮುಗಿಯುವ ಮೊದಲೇ ಅವರು ಅಲ್ಲೇ ಒಂದು ಬೆಳಗಿನ ಜಾವ ನಿದ್ದೆಯಲ್ಲಿ ಹೋದರು. ಹಾಗಾಗಿ ನಾನು ಅವರನ್ನು ಕೊನೆಯ ಸಲ ನೋಡಿದ್ದು ಸಿಕಂದರಾಬಾದ್ ಸ್ಟೇಷನ್ನಿನಲ್ಲಿ. ಎ.ಸಿ. ಬೇಡ ಎಂದು ಹಟ ಮಾಡಿ ತೆರೆದ ಕಿಟಕಿಯ ಡಬ್ಬಿಯಲ್ಲಿ ಕೂತಿದ್ದರು. ಗಾಡಿ ಸಿಳ್ಳು ಹಾಕಿತು. ಹೋಗಿ ಬರ್ರೀ ಅಕ್ಕಾ ಎಂದು ನಾನು ಹೇಳುವಷ್ಟರಲ್ಲಿ ಅವರು ಸರಳುಗಳ ಸಂದಿಯಿಂದ ಕೈ ಹೊರಹಾಕಿ ನನ್ನ ಮಣಿಕಟ್ಟು ಹಿಡಿದು, “ಹೇಳು, ಇಲ್ಲೇನೈತಿ?” ಎಂದರು. ಹಬೆಯಾಡುವ ಇಡ್ಲಿ ಐತಿ, ಎಂದೆ. ಕಬ್ಬಿಣ ಐತಿ, ನೀರು ಬಿದ್ದ ಕಬ್ಬಿಣ. ಗಾಡಿ ಕದಲಿತು. ಯಾರದೋ ಬುಟ್ಟಿಯಲ್ಲಿ ಮಲ್ಲಿಗೆ, ಬಾಡಿದ್ದು, ನಿನ್ನೆಯದು. ನಾನು ಜೊತೆಜೊತೆಗೆ ನಡೆಯುತ್ತ ಹೇಳುತ್ತಿದ್ದೆ. ಹಿಂದಿನಿಂದ ಒಬ್ಬ ಹಮಾಲ, ಅಮ್ಮಾ ಬೀಳ್ತೀರಿ ಎಂದು ತೆಲುಗಿನಲ್ಲಿ ಕೂಗುತ್ತಿದ್ದ. ಹಿಡಿತ ಬಿಟ್ಟುಹೋಯಿತು. ಗೋಣಿಚೀಲ, ಎಂದು ಕೂಗಿದೆ, ಒಳಗೆ ಹೊಸ ಮೆಣಸಿನಕಾಯಿ, ಈ ಸಲದ್ದು. ಅವರು ನನ್ನ ಕಡೆ ನೋಡುತ್ತಿರಲಿಲ್ಲ. ಕಣ್ಣು ಮುಚ್ಚಿ, ತಲೆಯ ಸೆರಗು ಹಿಂದೆ ಸರಿಸಿ, ಕಿವಿಯನ್ನು ಸರಳಿಗೆ ಒತ್ತಿಕೊಂಡು ಕೂತಿದ್ದರು. ಡಬ್ಬಿ ಪ್ಲಾಟ್‌ಫಾರ್ಮ್ ದಾಟುವವರೆಗೂ ಹಾಗೆಯೇ ಕೂತಿದ್ದರು.